ಗಾಜಿನ ಕೋಣೆಯ ಅಕ್ಕ

ನಮ್ಮಕ್ಕನ ಗೊರಕೆ ಈ ಊರಿನ ಅರ್ಧ ಜನರ ಫೋನಿನಲ್ಲಿದೆ. ಬಸ್ ನಿಲ್ದಾಣದಲ್ಲಿ ಹತ್ತೊಂಬತ್ತು ವರ್ಷ ಬಸ್ಸುಗಳ ಹೆಸರು ಕೂಗಿದವಳು, ಒಂದು ಮಧ್ಯಾಹ್ನ ಕಂಠಪೂರ್ತಿ ಕುಡಿದು ಬಂದು, ಐದು ಬಸ್ಸುಗಳನ್ನು ಒಂದೇ ಪ್ಲಾಟ್‌ಫಾರ್ಮಿಗೆ ಕರೆದು, ಮೈಕ್ ಆರಿಸದೆ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಯಾರೋ ಪುಣ್ಯಾತ್ಮ ಅದನ್ನು ರೆಕಾರ್ಡ್ ಮಾಡಿಕೊಂಡ. ವಾರದೊಳಗೆ ಅದು ರಿಂಗ್‌ಟೋನ್ ಆಯಿತು.

ಅವಳ ಗಾಜಿನ ಕೋಣೆಯ ಎದುರಿಗೇ ನನ್ನ ಪೇಪರ್ ಅಂಗಡಿ. ನಗುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಆದರೆ ಬಾಟಲಿ ಎತ್ತಿದವಳು ಅವಳೇ, ಯಾರೂ ಬಾಯಿಗೆ ಸುರಿದಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಮೂರು ತಿಂಗಳು ಕುಡಿತ ಬಿಡಿಸುವ ಕೇಂದ್ರದಲ್ಲಿದ್ದು ಬಂದಳು. ನಿಲ್ದಾಣದ ಮ್ಯಾನೇಜರ್ ಅವಳ ಕೆಲಸವನ್ನೇನೋ ವಾಪಸ್ ಕೊಟ್ಟರು. ಆದರೆ ದಿನಾ ಬೆಳಿಗ್ಗೆ ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಬೇಕು, ಇನ್ನೊಂದು ಸಲ ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ ಎಂದರು.

“ಗಾಜಿಗೆ ಕಾಗದ ಅಂಟಿಸೋಣಮ್ಮ, ಜನ ನೋಡೋದು ಬೇಡ.”

“ಬೇಡ ಸಾರ್. ಕುಡಿದಾಗ ನೋಡಿದಾರೆ, ಬಿಟ್ಟಾಗಲೂ ನೋಡ್ಲಿ” ಅಂದಳು ಅಕ್ಕ.

ಜನ ನೋಡಿದರು. ಕೆಮ್ಮಿದರೆ ನೋಡಿದರು, ಆಕಳಿಸಿದರೆ ನೋಡಿದರು. ಸ್ಟೀಲ್ ಬಾಟಲಿ ಎತ್ತಿ ನೀರು ಕುಡಿದರೆ ಒಬ್ಬರನ್ನೊಬ್ಬರು ತಿವಿದುಕೊಂಡರು.

“ಅಕ್ಕ, ಅದರ ಬದಲು ಗಾಜಿನ ಲೋಟ ಇಟ್ಕೋ” ಅಂದೆ.

“ನಿನಗೂ ಅನುಮಾನಾನಾ?”

ನಿಜ ಹೇಳಬೇಕೆಂದರೆ, ಅನುಮಾನ ಇತ್ತು.

ಕೆಲಸಕ್ಕೆ ಮರಳಿದ ಆರನೇ ತಿಂಗಳಲ್ಲಿ ಅವಳಿಗೆ ನೆಗಡಿ, ಜ್ವರ. ರಜೆ ಹಾಕು ಅಂದರೆ, “ಹಾಕಿದ್ರೆ ಕುಡಿದು ಬಿದ್ದಿದಾಳೆ ಅಂತಾರೆ” ಎಂದು ಹೊರಟೇಬಿಟ್ಟಳು. ಹನ್ನೊಂದೂವರೆಯ ಬಸ್ಸಿಗೆ ಐದನೇ ಪ್ಲಾಟ್‌ಫಾರ್ಮ್ ಅನ್ನುವ ಬದಲು ಮೂರು ಅಂದುಬಿಟ್ಟಳು. ಮಕ್ಕಳು, ಮೂಟೆ ಸಮೇತ ಜನ ಮೂರಕ್ಕೆ ಓಡಿದರು. ಅಲ್ಲಿ ಬಸ್ಸಿಲ್ಲ.

“ಮತ್ತೆ ಏರಿಸಿದಾಳೆ ಕಣ್ರೋ!” ಯಾರೋ ಕೂಗಿದ.

ಮ್ಯಾನೇಜರ್ ಯಂತ್ರ ಹಿಡಿದು ಓಡಿಬಂದರು. ಅಕ್ಕ ಮೈಕ್ ಆರಿಸಲಿಲ್ಲ. ಬೇಕೆಂದೇ ಆರಿಸಲಿಲ್ಲ.

“ಊದಮ್ಮ.”

“ಬೆಳಿಗ್ಗೆ ಊದಿದೀನಿ ಸಾರ್.”

“ಈಗ ಊದು. ಇಲ್ಲಾಂದ್ರೆ ಎದ್ದು ಹೋಗು.”

“ಊದ್ತೀನಿ. ಮೊನ್ನೆ ನೀವು ಬೋರ್ಡಿನಲ್ಲಿ ತಪ್ಪು ಟೈಮ್ ಬರೆಸಿ ಮೂವತ್ತು ಜನಕ್ಕೆ ಬಸ್ ತಪ್ಪಿಸಿದ್ರಲ್ಲ? ತಪ್ಪು ಮಾಡಿದೋರೆಲ್ಲ ಊದಬೇಕು ಅಂದ್ರೆ ಮೊದಲು ನೀವು. ನಿಮ್ಮ ಹಿಂದೆ ನಾನು ಸಾಲಲ್ಲಿ ನಿಲ್ತೀನಿ.”

ಪ್ರತಿ ಮಾತೂ ಇಡೀ ನಿಲ್ದಾಣಕ್ಕೆ ಕೇಳಿತು. ಮೊದಲು ಒಬ್ಬ ಡ್ರೈವರ್ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮ್ಯಾನೇಜರ್ ಮುಖ ಕೆಂಪಾಯಿತು. ಯಂತ್ರವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತರು. ತಾವೂ ಊದಲಿಲ್ಲ, ಅವಳನ್ನು ಎಬ್ಬಿಸಲೂ ಇಲ್ಲ.

ಅಕ್ಕ ಮೂಗು ಒರೆಸಿಕೊಂಡು ಮೈಕಿನತ್ತ ಬಾಗಿದಳು.

“ಪ್ರಯಾಣಿಕರ ಗಮನಕ್ಕೆ. ಹನ್ನೊಂದೂವರೆಯ ಬಸ್ಸು ಐದನೇ ಪ್ಲಾಟ್‌ಫಾರ್ಮಿನಲ್ಲಿದೆ, ಮೂರರಲ್ಲಲ್ಲ. ತಪ್ಪು ನನ್ನದು. ಹೆಂಡದ್ದಲ್ಲ.”