ಗುರುವಾರದ ಬಟಾಣಿ ಸಾರು

ಕೇಳಿ ನೋಡಿ, ಕೆಮಿ ಅನ್ನುವ ಹಿಮದೂರಿನ ಹೆಂಗಸರ ಐಸ್ ಹಾಕಿ ತಂಡಕ್ಕೆ ಸ್ಕೇಟಿನ ಅಲಗು ಮಸೆದುಕೊಡುವ ಮುದುಕ ಐಮೋನ ಕತೆ. ತಂಡಕ್ಕೆ ಡಾಕ್ಟರೂ ಅವನೇ ಅನ್ನಿ. ಯಾರೇ ಡಿಕ್ಕಿ ಹೊಡೆದು ಬೀಳಲಿ, ಹೆಲ್ಮೆಟ್ಟು ಹಿಡಿದು ಕೇಳುತ್ತಾನೆ, "ಮಗಳೇ, ಇವತ್ತು ಮಧ್ಯಾಹ್ನ ಏನೂಟ?" ಗುರುವಾರವಾದರೆ ಊರಿಗೆಲ್ಲ ಬಟಾಣಿ ಸಾರೇ, ಊಟದ ಹೆಸರು ತಪ್ಪು ಹೇಳಿದರೆ ವಾರ ತಪ್ಪಿತು, ವಾರ ತಪ್ಪಿದರೆ ತಲೆಗೆ ಪೆಟ್ಟಾಗಿದೆ, ಬೆಂಚಿಗೆ ಹೋಗು! ಮೊನ್ನೆ ನಾಯಕಿ ಹೆನ್ನಾ ಆಟದಂಗಳದ ಸುತ್ತಲಿನ ಹಲಗೆಗೋಡೆಗೆ ತಲೆ ಬಡಿದುಕೊಂಡು ತೂರಾಡುತ್ತಾ ಬಂದಳು. "ಬಟಾಣಿ ಸಾರು," ಅಂದಳು. "ಸರಿಯಾಗಿ ಹೇಳ್ದೆ, ಹೋಗಿ ಆಡು!" ಅಂದ ಐಮೋ. "ಅಯ್ಯೋ ಐಮೋಜ್ಜಾ, ಇವತ್ತು ಶನಿವಾರ ಕಣೋ!" ಎಂದು ಗೋಲು ಕಾಯುವ ಹುಡುಗಿ ಕಿರುಚಿದಳು. ಐಮೋ ಗಲಿಬಿಲಿಗೊಂಡ. ಮಧ್ಯಾಹ್ನ ತಾನು ಏನು ತಿಂದೆ ಅಂತ ಎಷ್ಟು ತಡಕಿದರೂ ನೆನಪಾಗಲಿಲ್ಲ. ಟೋಪಿ ತೆಗೆದು, ಹೆಲ್ಮೆಟ್ಟಿಲ್ಲದೆ ಆಡಿದ ಕಾಲದಲ್ಲಿ ನೆತ್ತಿಯ ಮೇಲೆ ಬಿದ್ದ ಗುಳಿಯನ್ನು ಸವರಿಕೊಂಡ. "ಹಂಗಾದ್ರೆ ನಾವಿಬ್ರೂ ಹೊರಗೆ, ಮಗಳೇ," ಎಂದು ಹೆನ್ನಾಳ ಕೈ ಹಿಡಿದು ಬೆಂಚಿನ ಮೇಲೆ ಕೂತುಬಿಟ್ಟ. ಈಗ ಪ್ರತಿ ಆಟಕ್ಕೂ ಮುಂಚೆ ಹುಡುಗಿಯರು ಅವನ ತೋಳಿನ ಮೇಲೆ ಟೇಪು ಅಂಟಿಸಿ ಅವತ್ತಿನ ವಾರ ಬರೆಯುತ್ತಾರೆ. ಆ ಕಡೆ ಹೋದರೆ ಐಮೋನನ್ನು ಕಂಡು ಬನ್ನಿ. ಅವನು ಕೇಳುವ ಮೊದಲೇ, ನೀವೇನು ತಿಂದಿರಿ ಅಂತ ಹೇಳಿಬಿಡಿ.