ಮಾವನ ಹ್ಯಾಮು, ಪಾಪುವಿನ ಗಾಡಿ

ನಮ್ಮ ಮಾವನವರನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು 'ಪಾಲಿಶ್ ತಾತ' ಎಂದು. ಮೇಜು, ಕುರ್ಚಿ, ಬೀರುಗಳಿಗೆ ಪಾಲಿಶ್ ಹೊಡೆಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಹೊಳಪು ಸಾಕೇ, ಇನ್ನೂ ಬೇಕೇ ಎಂದು ತಿಳಿಯಲು ಅವರದು ಒಂದೇ ಪರೀಕ್ಷೆ: ಬಗ್ಗಿ ನೋಡಿದರೆ ತಮ್ಮ ಮೀಸೆ ಕಾಣಬೇಕು. ಕಾಣಲಿಲ್ಲವೋ, ಇನ್ನೊಂದು ಕೋಟು. ಗಿರಾಕಿ ಬಾಗಿಲಲ್ಲಿ ನಿಂತು ಕುಣಿದರೂ ಅಷ್ಟೇ. ಒಣಗುವ ಮುಂಚೆ ಯಾರಾದರೂ ಮೇಜಿನ ಮೇಲೆ ಬಟ್ಟೆ ಹಾಸಿದರಂತೂ ಅವರ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದರು.

ಮಂಡಿನೋವು ಹೆಚ್ಚಾಗಿ ಅಂಗಡಿ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಒಂದೇ ಕೆಲಸ. ವರ್ಷದ ಕೊನೆಯ ರಜೆಯ ದಿನ ಮನೆಮಂದಿಗೆಲ್ಲ ಹ್ಯಾಮ್ ಮಾಡುವುದು. ಉಪ್ಪು ಹಾಕಿ ಹೊಗೆಯಲ್ಲಿ ಹದಮಾಡಿದ ಹಂದಿಯ ಇಡೀ ತೊಡೆಯನ್ನು ಓವನ್ನಿನಲ್ಲಿ ಬೇಯಿಸಿ, ಅದಕ್ಕೆ ಜೇನುತುಪ್ಪ, ಕಂದು ಸಕ್ಕರೆ, ಸಾಸಿವೆ, ಕಿತ್ತಳೆ ರಸ ಸೇರಿಸಿ ಕಾಯಿಸಿದ ಪಾಕವನ್ನು ಬ್ರಶ್ಶಿನಿಂದ ಬಳಿಯುವುದು. ಬಳಿಯುವುದೇನು, ಪಾಲಿಶ್ ಹೊಡೆಯುವುದೇ! ಒಂದು ಕೋಟು, ಮತ್ತೆ ಓವನ್ನಿಗೆ. ಇನ್ನೊಂದು ಕೋಟು, ಮತ್ತೆ ಓವನ್ನಿಗೆ. ಮೀಸೆ ಕಾಣುವವರೆಗೆ. (ಬ್ರಶ್ಶು ಹೊಸದೇ. ನಾನೇ ಕೊಂಡು, ನಾನೇ ಕುದಿಸಿ, ನಾನೇ ಬೀಗ ಹಾಕಿ ಇಟ್ಟದ್ದು. ವಾರ್ನಿಶ್ ಹೊಟ್ಟೆಗೆ ಹೋದರೆ ಏನೇನಾಗುತ್ತದೆ ಎಂದು ಓದಿಕೊಂಡವಳು ನಾನು.)

ಹೋದ ಸಲ ಬಿಸಿ ತಟ್ಟೆ ಕೈಜಾರಿ ಮಾವನ ಕಾಲ ಮೇಲೇ ಬಿತ್ತು. ನನ್ನ ಗಂಡನ ಅಕ್ಕ ದೊಡ್ಡಾಸ್ಪತ್ರೆಯ ಹೆಡ್ ನರ್ಸು. ಅತ್ತಿಗೆ ಪಟ್ಟಿ ಕಟ್ಟುತ್ತಲೇ ತೀರ್ಪು ಕೊಟ್ಟರು.

"ಇನ್ನೊಂದೇ ಒಂದು ಸಲ ನೋಡ್ತೀನಪ್ಪಾ. ಏನಾದ್ರೂ ಎಡವಟ್ಟಾಯ್ತೋ, ಆಮೇಲೆ ಅಂಗಡಿಯಿಂದ ತರ್ಸೋದು. ನೀನು ಕುರ್ಚೀಲಿ ಕೂತು ತಿನ್ನೋದು."

ಮಾವ ಅಂದು ಊಟ ಬಿಟ್ಟಿದ್ದರು. ಕುರ್ಚಿಗೆ ಪಾಲಿಶ್ ಹೊಡೆದು ಗೊತ್ತೇ ಹೊರತು ಸುಮ್ಮನೆ ಅದರಲ್ಲಿ ಕೂತು ಗೊತ್ತಿಲ್ಲ ಅವರಿಗೆ.

ಈ ಸಲದ ಊಟ ನಮ್ಮ ಬಾಡಿಗೆ ಮನೆಯಲ್ಲಿ. ಬೆಳಿಗ್ಗೆ ಹ್ಯಾಮನ್ನು ಓವನ್ನಿಗೆ ತಳ್ಳಿದರೆ, ಮೂಳೆ ಹೊರಗೇ ಉಳಿಯಿತು. ಬಾಗಿಲು ಮುಚ್ಚಲೊಲ್ಲದು.

"ಕಾಲು ಮಡಚ್ಕೊಂಡು ಮಲಗು ಅಂದ್ರೆ ಕೇಳುತ್ತಾ ಇದು?" ಎಂದರು ಮಾವ.

"ಅಪ್ಪಾ, ಗರಗಸ ತರ್ಲಾ?" ಆಲೂಗಡ್ಡೆ ಸುಲಿಯುತ್ತಿದ್ದ ನನ್ನ ಗಂಡ ಕೇಳಿದ.

"ಯಾಕೆ, ನಿನ್ನ ಕೂದ್ಲು ಕತ್ತರಿಸ್ಕೋಬೇಕಾ? ಸುಮ್ನೆ ಸುಲಿ."

ಬೀದಿಯ ತುದಿಯಲ್ಲಿ ಬೇಕರಿಯಿದೆ. ಬೆಳಗಿನ ಬ್ರೆಡ್ಡು ಇಳಿಸಿದ ಮೇಲೆ ಅಲ್ಲಿನ ಓವನ್ನು ಖಾಲಿ. ಆದರೆ ಆ ಭಾರ ಹೊರುವವರು ಯಾರು? ಮಾವನ ಕಣ್ಣು ಮೆಲ್ಲಗೆ ನಮ್ಮ ಪಾಪುವಿನ ತಳ್ಳುಗಾಡಿಯ ಕಡೆ ಹೊರಳಿತು.

"ಮಾವಾ, ಬೇಡ! ಅದ್ರಲ್ಲಿ ಪಾಪು ಮಲಗುತ್ತೆ!"

"ಇವತ್ತಿಗೆ ಇದೂ ಪಾಪುನೇ ಕಣಮ್ಮಾ. ಎತ್ತಿ ನೋಡು, ನಿನ್ನ ಮಗನಿಗಿಂತ ಗುಂಡು ಗುಂಡಾಗಿದೆ."

ಗಾಡಿಯನ್ನು ಬಿಸಿನೀರಲ್ಲಿ ಒರೆಸಿದೆ, ಪ್ಲಾಸ್ಟಿಕ್ ಹಾಳೆ ಹಾಸಿದೆ, ಮತ್ತೆ ಒರೆಸಿದೆ. ಹ್ಯಾಮನ್ನು ತಟ್ಟೆಯ ಸಮೇತ ಮಲಗಿಸಿ ಬಿಳಿ ಪಂಚೆ ಹೊದಿಸಿದೆವು. ಪಾಪುವನ್ನು ಎದೆಗೆ ಕಟ್ಟಿಕೊಂಡು, ಹೊದಿಕೆ, ಔಷಧಿ, ಥರ್ಮಾಮೀಟರು ತುಂಬಿದ ಚೀಲವನ್ನು ಹೆಗಲಿಗೇರಿಸಿ ಹೊರಟೆ. ಮೆಟ್ಟಿಲ ಬಳಿಯೇ ಕೆಳಮನೆಯ ದರ್ಜಿ ಆಂಟಿ ಎದುರಾದರು. ನನ್ನ ಎದೆಯ ಮೇಲಿನ ಪಾಪುವನ್ನು ನೋಡಿದರು. ಗಾಡಿಯಲ್ಲಿ ಉಬ್ಬಿದ್ದ ಪಂಚೆಯನ್ನೂ ನೋಡಿದರು.

"ಅಯ್ಯೋ, ಎರಡನೇದು ಯಾವಾಗಾಯ್ತೇ? ಒಂದು ಮಾತೂ ಹೇಳ್ಲಿಲ್ಲ!"

ಮಾವ ಗಂಭೀರವಾಗಿ, "ಹುಷಾರಮ್ಮಾ, ಮುತ್ತುಗಿತ್ತು ಕೊಟ್ಟೀಯ, ಉಪ್ಪುಪ್ಪಾಗಿದೆ" ಎಂದು ಗಾಡಿ ತಳ್ಳಿಕೊಂಡು ಹೊರಟೇಬಿಟ್ಟರು. ಹೆಸರಿಗೆ ಮಂಡಿನೋವು, ನಾನೇ ಅವರ ಹಿಂದೆ ಓಡಬೇಕಾಯಿತು!

ಬೇಕರಿಯವನು ಅರ್ಧ ಹಗಲು ಓವನ್ನು ಬಿಟ್ಟುಕೊಟ್ಟ. ಕೋಟಿನ ಮೇಲೆ ಕೋಟು. ಕಡೆಗೆ ಮಾವ ಬಗ್ಗಿದರು. ಮೀಸೆ ಕಂಡಿತು. ಬೇಕರಿಯವನೂ ಬಗ್ಗಿದ, ಅವನದೂ ಕಂಡಿತು. ಮಾವ ಖುಷಿ ತಡೆಯಲಾರದೆ, ಕೊನೆಗೊಂದು ತೆಳು ಕೋಟನ್ನು ಓವನ್ನಿಗಿಡದೆ ಹಾಗೆಯೇ ಎಳೆದುಬಿಟ್ಟರು.

ಪಂಚೆಯನ್ನು ಬೇಕರಿಯಲ್ಲೇ ಮರೆತು ವಾಪಸ್ಸು ಬರುವಾಗ ಪಕ್ಕದಲ್ಲಿ ಮರಳು ಲಾರಿಯೊಂದು ಭರ್ರೆಂದು ಹೋಯಿತು. ಮುಂದಿನದು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನಡೆಯಿತು. ಧೂಳೆಂದರೆ ಮಾವನ ಹುಟ್ಟು ವೈರಿ. ನನ್ನ ಚೀಲಕ್ಕೆ ಕೈಹಾಕಿ, ಸಿಕ್ಕಿದ್ದನ್ನು ಎಳೆದು ಹ್ಯಾಮಿನ ಮೇಲೆ ಒತ್ತಿ ಹೊದಿಸಿದರು. ಪಾಪುವಿನ ಬಾತುಕೋಳಿ ಕಸೂತಿಯ ಹೊದಿಕೆ!

"ಮಾವಾ, ಒಣಗಿದ್ಯಾ ಅದು?"

"ಒಣಗಿದೆ, ಒಣಗಿದೆ! ಧೂಳು ಕೂತ್ರೆ ಮರಳುಕಾಗದ ಹಾಕಿ ಉಜ್ಜಬೇಕಾಗುತ್ತೆ!"

ಮನೆಗೆ ಬಂದರೆ ಬಾಗಿಲಲ್ಲಿ ಅತ್ತಿಗೆಯ ಚಪ್ಪಲಿ. ಸದ್ದಿಲ್ಲದೆ ಅಡುಗೆಮನೆ ಸೇರಿ ಚಿಲಕ ಹಾಕಿದೆವು. ಹೊದಿಕೆ ಎಳೆದರೆ ಇಡೀ ಹ್ಯಾಮೇ ಮೇಲೆದ್ದು ಬಂತು. ಮಾವನ ಮುಖ ಸುಣ್ಣ ಬಳಿದಂತಾಯಿತು.

"ಊರಿಗೆಲ್ಲ ಬೈದೆ. ಈಗ ನಾನೇ..." ಎಂದರು. "ಮುಗೀತಮ್ಮಾ. ಇನ್ನು ಕುರ್ಚಿನೇ ಗತಿ."

ಅವರನ್ನು ಹಾಗೆ ನೋಡಲಾಗಲಿಲ್ಲ. ಕದ್ದು ಹೊರಗೆ ಹೋಗಿ ನನ್ನ ಹೇರ್ ಡ್ರೈಯರ್ ತಂದು ಮತ್ತೆ ಚಿಲಕ ಹಾಕಿದೆ. ಮಾವನ ಕಣ್ಣು ಮಿಂಚಿತು. "ಹೌದಲ್ವಾ! ಶಾಖ ಕೊಟ್ರೆ ಎಂಥಾ ಪಾಲಿಶೂ ಬಿಡುತ್ತೆ!" ನಾನು ಬಿಸಿಗಾಳಿ ಊದಿದೆ, ಅವರು ಅಂಚಿನಿಂದ ಮೆಲ್ಲಮೆಲ್ಲಗೆ ಬಿಡಿಸುತ್ತ ಬಂದರು.

ಬಾಗಿಲು ದಬದಬ ಬಡಿಯಿತು. "ಅಡುಗೆಮನೇಲಿ ಯಾರೇ ತಲೆ ಒಣಗಿಸ್ಕೋತಿರೋದು?"

"ಹ್ಯಾಮು, ಅತ್ತಿಗೇ!" ಎಂದುಬಿಟ್ಟೆ.

ಒಳಗೆ ಮಾವ ಹಣೆ ಚಚ್ಚಿಕೊಂಡರು. ಹೊದಿಕೆಯೇನೋ ಒಂದೆಳೆಯೂ ಅಂಟದೆ ಬಿಟ್ಟಿತು. (ಕನ್ನಡಕ ಹಾಕಿಕೊಂಡು ನೋಡಿದೆ, ಆಮೇಲೆ ಟಾರ್ಚು ಹಿಡಿದೂ ನೋಡಿದೆ.) ಆದರೆ ಹೊಳೆಯುವ ಪಾಕದ ಮೇಲೆ, ತಾಯಿಯ ಹಿಂದೆ ಮರಿಗಳು ಸಾಲಾಗಿ, ಬಾತುಕೋಳಿಗಳು ಅಚ್ಚೊತ್ತಿ ನಿಂತಿದ್ದವು. ಇನ್ನೊಂದು ಕೋಟಿಗೆ ಪಾಕವೂ ಉಳಿದಿರಲಿಲ್ಲ.

ಮೇಜಿನ ಮೇಲಿಟ್ಟೆವು. ಅತ್ತಿಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಅಪ್ಪಾ, ಏನಿದು?"

ಗಾಳಿ, ಲಾರಿ, ಸೊಸೆ, ಯಾರ ಮೇಲಾದರೂ ಹಾಕಬಹುದಿತ್ತು. ಮಾವ ತಲೆ ತಗ್ಗಿಸಿ, "ಒಣಗೋ ಮುಂಚೆ ಬಟ್ಟೆ ಹಾಸ್ಬಿಟ್ಟೆ ಕಣೇ" ಎಂದರು.

"ಯಾರು?"

"ನಾನೇ."

"ನೀನಾ?"

ವಾರ್ಡಿಗೆ ವಾರ್ಡನ್ನೇ ನಡುಗಿಸುವ ಹೆಡ್ ನರ್ಸು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದರು. ನಗು, ನಗು, ಕಣ್ಣಲ್ಲಿ ನೀರು ಬರುವಷ್ಟು ನಗು.

"ಚಿಕ್ಕೋಳಿದ್ದಾಗ ಹಸಿ ಪಾಲಿಶ್ ಮೇಲೆ ಗೊಂಬೆ ಮಲಗಿಸಿದ್ದಕ್ಕೆ ನನ್ನ ಹತ್ರ ಮಾತು ಬಿಟ್ಟಿದ್ದೆ ನೀನು! ನೆನಪಿದ್ಯಾ?"

ಎಲ್ಲರೂ ನಕ್ಕೆವು. ಪಾಪುವೂ ಯಾಕೆಂದು ತಿಳಿಯದೆ ಕೇಕೆ ಹಾಕಿತು. ಅತ್ತಿಗೆ ತಾಯಿ ಬಾತುಕೋಳಿಯಿದ್ದ ತುಂಡನ್ನೇ ಕೇಳಿ ಹಾಕಿಸಿಕೊಂಡರು, ತಿಂದರು, ಬೆರಳು ನೆಕ್ಕಿ ಮತ್ತೆ ತಟ್ಟೆ ಚಾಚಿದರು. ಆಮೇಲೆ ನನ್ನ ಕಡೆ ತಿರುಗಿ ಡ್ಯೂಟಿ ಹಂಚುವವರ ದನಿಯಲ್ಲಿ ಹೇಳಿದರು:

"ನೋಡು, ಮುಂದಿನ ಸಲ ಅಪ್ಪನಿಗೆ ಬಾತುಕೋಳಿ ಕೊಡ್ಬೇಡ. ಆನೆ ಇರೋ ಹೊದಿಕೆ ತೆಗ್ದಿಡು."

ಮಾವ ಮೀಸೆಗೆ ಅಂಟಿದ್ದ ಪಾಕ ಒರೆಸಿಕೊಂಡರು.

"ಆನೆಗೆ ಎರಡು ಕೋಟು ಜಾಸ್ತಿ ಬೇಕಾಗುತ್ತೆ," ಎಂದರು.