ಮೊನೆರಾಯರು ಅಳಿಸಿದ ಗೆರೆ

ಮೊದಲ ನೋಟಕ್ಕೆ ಮೊನೆರಾಯರು ಓಡುವ ಮಾಲಲ್ಲ. ಎತ್ತರ ಸಾಧಾರಣ, ಬಣ್ಣ ಮಾಸಲು, ಹೊರಮೈ ಐವತ್ತಾರು ವರ್ಷ ಬಳಸಿದ್ದು. ಅಂಗಿ ಜೇಬಿನಲ್ಲಿ ಒಂದೇ ಉದ್ದದ ಮೂರು ಪೆನ್ಸಿಲ್, ಮೂರರ ಮೊನೆಯೂ ಮೇಲಕ್ಕೆ. ಅವರನ್ನು ತಬ್ಬಿಕೊಳ್ಳಲು ಯಾರೂ ಬರುವುದಿಲ್ಲ, ಬಂದರೂ ಪಕ್ಕದಿಂದ ಬರಬೇಕು. ಮಾತಿನಲ್ಲಿ ಜಿಪುಣ. ನಗು ವರ್ಷಕ್ಕೆರಡು ಸಲ, ಅದೂ ನಗಿಸಿದವನು ಮನೆ ಸೇರಿದ ಮೇಲೆ. ಆಸ್ಪತ್ರೆ ಸಾಮಾನು ಮಾರುತ್ತ ತಲೆ ನರೆಸಿಕೊಂಡ, ಈ ಸಾಲುಗಳನ್ನು ಬರೆಯುತ್ತಿರುವ ವ್ಯಾಪಾರಿ ಅವರನ್ನು ಮೊದಲು ಕಂಡಾಗ ಹಾಕಿದ ಅಂದಾಜು ಇಷ್ಟೇ: ಅಂಗಡಿಯ ಮುಂದೆ ಜೋಡಿಸುವಂಥದ್ದಲ್ಲ, ಗೋದಾಮಿನ ಹಿಂದಿನ ಗೂಡಿಗೆ ಸರಿ. ವ್ಯಾಪಾರಿಯ ಅಂದಾಜು ತಪ್ಪುವುದು ಅಪರೂಪ. ಆ ಅಪರೂಪಗಳಲ್ಲಿ ಇದೂ ಒಂದು.

ಅವರ ಕಸುಬು ಮೊನೆ. ರೋಗಿಗೆ ಡ್ರಿಪ್ ಹಾಕುವಾಗ ತಲೆಕೆಳಗಾಗಿ ನೇತಾಡುವ ಬಾಟಲಿ ಇರುತ್ತದಲ್ಲ, ಅದರ ಬಾಯಿಗೊಂದು ರಬ್ಬರ್ ಬಿರಡೆ. ಆ ಬಿರಡೆಯನ್ನು ಚುಚ್ಚಿ ಒಳಹೋಗುವ, ಕಿರುಬೆರಳಿಗಿಂತ ಸಣ್ಣ ಪ್ಲಾಸ್ಟಿಕ್ ಕೊಳವೆಗೆ ಕಾರ್ಖಾನೆಯವರು ಸ್ಪೈಕ್ ಎನ್ನುತ್ತಾರೆ. ತುದಿ ಓರೆಯಾಗಿ ಕತ್ತರಿಸಿದಂತಿರುತ್ತದೆ. ಒಳಗೆ ಎರಡು ದಾರಿ: ಒಂದರಲ್ಲಿ ಔಷಧ ಇಳಿಯುತ್ತದೆ, ಇನ್ನೊಂದರಲ್ಲಿ ಗಾಳಿ ಏರುತ್ತದೆ. ಇದನ್ನು ಯಾರೂ ನೋಡುವುದಿಲ್ಲ. ಡಾಕ್ಟರು ರೋಗಿಯನ್ನು ನೋಡುತ್ತಾರೆ, ರೋಗಿ ಸೂರು ನೋಡುತ್ತಾನೆ, ನೋಡಲು ಬಂದ ನೆಂಟರು ಬೀಳುವ ಹನಿ ಎಣಿಸುತ್ತಾರೆ. ಇಪ್ಪತ್ತಾರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇದನ್ನೇ ನೋಡಿದವರು ಮೊನೆರಾಯರೊಬ್ಬರೇ. ಹೆಸರಿಟ್ಟವರು ಕಾರ್ಖಾನೆಯವರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದಿದೆ.

ಮನೆಯಲ್ಲೂ ಅದೇ ಕತೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವ ಮುನ್ನ ಕತ್ತರಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಯಾವ ಕೋನದಲ್ಲಿ ಕತ್ತರಿಸಿದರೆ ಹಾಲು ಚೆಲ್ಲದೆಂದು ಯೋಚಿಸುತ್ತಾರೆ.

"ನೀವು ಕೋನ ಹುಡುಕೋ ಅಷ್ಟರಲ್ಲಿ ಹಾಲು ಮೊಸರಾಗತ್ತೆ. ಕೊಡಿ ಇಲ್ಲಿ," ಎಂದು ಹೆಂಡತಿ ಪ್ಯಾಕೆಟ್ ಕಸಿದು ಹಲ್ಲಿನಿಂದ ಕಚ್ಚಿ ಹರಿಯುತ್ತಾರೆ. ಹಾಲು ಚೆಲ್ಲುವುದಿಲ್ಲ. ಮೊನೆರಾಯರಿಗೆ ಬೇಸರವಾಗುವುದು ಅದಕ್ಕೇ.

ಇಷ್ಟೆಲ್ಲ ಇದ್ದರೂ ಅವರಿಗೊಂದು ಹೆಮ್ಮೆಯಿತ್ತು, ಅದನ್ನು ಮಾತ್ರ ಕೇಳದವರಿಗೂ ಹೇಳುತ್ತಿದ್ದರು. ಅವರು ಮೊದಲು ನಕ್ಷೆಯನ್ನು ಪೆನ್ಸಿಲ್ಲಿನಲ್ಲೇ ಬರೆಯುವುದು. ಆಮೇಲೆ ಕಂಪ್ಯೂಟರ್ ಕೆಲಸದ ಹುಡುಗಿ ಅದನ್ನು ಯಂತ್ರಕ್ಕೆ ಇಳಿಸಿ, ಮುದ್ರಿಸಿ, ಸಹಿಗೆ ತರುತ್ತಾಳೆ. ಒಮ್ಮೆ ಸಹಿ ಹಾಕಿದ ನಕ್ಷೆಯನ್ನು ಅವರು ಯಾವತ್ತೂ ಹಿಂದಕ್ಕೆ ಪಡೆದವರಲ್ಲ. "ಇಪ್ಪತ್ತಾರು ವರ್ಷ. ಒಂದು ಗೆರೆ ಅಳಿಸಿಲ್ಲ," ಎನ್ನುವಾಗ ಅವರ ಕುತ್ತಿಗೆ ಒಂದಿಂಚು ಉದ್ದವಾಗುತ್ತಿತ್ತು.

ಈ ಕುತ್ತಿಗೆಗೆ ಸಂಚಕಾರ ತಂದವನು ವ್ಯಾಪಾರಿಯೇ. ಒಂದು ದೊಡ್ಡ ಆಸ್ಪತ್ರೆ ಹೊಸ ಸ್ಪೈಕ್ ಕೇಳಿತ್ತು. ವ್ಯಾಪಾರಿ ಕಾರ್ಖಾನೆಗೆ ಬಂದು, ಚಹಾದ ಕೋಣೆಯಲ್ಲಿ ಕುಳಿತು, "ಮೊನೆರಾಯರೇ, ಬೆಣ್ಣೆಯಿಂದ ಕೂದಲು ತೆಗೆದ ಹಾಗಿರಬೇಕು. ಮುಟ್ಟಿದ್ರೆ ಸಾಕು, ಒಳಗೆ! ಅಷ್ಟು ಚೂಪು ಮಾಡಿ, ಮಾರೋದು ನನಗೆ ಬಿಡಿ," ಎಂದ.

ಮೊನೆರಾಯರು ಮಾಡಿದರು. ಮೊನೆಯಿಂದ ಹಿಡಿದು ಔಷಧ ಇಳಿಯುವ ತೂತಿನ ಹಿಂಬದಿಯ ಅಂಚಿನವರೆಗೆ ಎಲ್ಲವೂ ಕತ್ತಿಯಂಥ ಚೂಪು. ಮೆತ್ತನೆ ಲೋಹದ ತಾತ್ಕಾಲಿಕ ಅಚ್ಚಿನಲ್ಲಿ ಐನೂರು ಎರಕ ತೆಗೆಸಿದರು. ಚುಚ್ಚುವ ಯಂತ್ರಕ್ಕೆ ಕೊಟ್ಟು ನಾನೂರು ಬಿರಡೆ ಚುಚ್ಚಿಸಿದರು. ಪ್ರತಿ ಬಾಟಲಿಯ ನೀರನ್ನೂ ಸೋಸಿ, ರಬ್ಬರಿನ ಚೂರೇನಾದರೂ ಒಳಗೆ ಬಿದ್ದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿದರು. ಒಂದೂ ಇಲ್ಲ. ಶುಕ್ರವಾರ ಸಹಿ ಹಾಕಿದರು. ಉಕ್ಕಿನ ನಿಜವಾದ ಅಚ್ಚು ಸಿದ್ಧವಾಗಿತ್ತು. ಸೋಮವಾರ ಬೆಳಗ್ಗೆ ಅದನ್ನು ಗಟ್ಟಿ ಮಾಡಲು ಕುಲುಮೆಗೆ ಕಳಿಸುವುದೆಂದಾಯಿತು.

ನಡುವೆ ಭಾನುವಾರ ಬಂತು, ಅದರ ಜೊತೆ ಅಕ್ಕನೂ ಬಂದರು.

ಮೊನೆರಾಯರ ಅಕ್ಕ ಮೂವತ್ತೊಂದು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಈಗ ಬಲಗೈ ಹೆಬ್ಬೆರಳಿನ ಗೆಣ್ಣು ಊದಿಕೊಂಡು ಗೋಲಿಯಂತಾಗಿದೆ. ನಾಲಿಗೆಗೆ ಏನೂ ಆಗಿಲ್ಲ. ತಮ್ಮನನ್ನು ಬೈಯಲೆಂದೇ ವಾರಕ್ಕೊಮ್ಮೆ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಮೊನೆರಾಯರು ಅಂದು ಅವರ ಮುಂದೆ ಮೆರೆಯುವ ಆಸೆಯಿಂದ ನೀರು ತುಂಬಿದ ಇಪ್ಪತ್ತು ಬಾಟಲಿ, ಒಂದು ಪೊಟ್ಟಣ ಸ್ಪೈಕ್ ಮನೆಗೆ ತಂದಿದ್ದರು. ಊಟದ ಮೇಜಿನ ಮೇಲೆ ಬಾಟಲಿಯೊಂದನ್ನು ನೆಟ್ಟಗೆ ನಿಲ್ಲಿಸಿ, ಸ್ಪೈಕನ್ನು ಅದಕ್ಕಿಂತ ನೆಟ್ಟಗೆ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದರು. ಸಲೀಸಾಗಿ ಇಳಿಯಿತು.

"ನೋಡಿದ್ಯಾ ಅಕ್ಕಾ?"

"ನೋಡ್ದೆ. ಇದೇನು ದೀಪ ಹಚ್ತಿದ್ದೀಯೇನೋ, ಇಷ್ಟು ಭಕ್ತಿಯಿಂದ? ಯಾವ ನರ್ಸು ಕಣೋ ಹೀಗೆ ಚುಚ್ತಾಳೆ? ಆ ಕಡೆ ಒಬ್ಬ 'ಸಿಸ್ಟರ್, ಸಿಸ್ಟರ್' ಅಂತಿರ್ತಾನೆ, ಈ ಕಡೆ ಒಬ್ಬ ವಾಂತಿ ಮಾಡ್ತಿರ್ತಾನೆ. ಕೊಡು ಇಲ್ಲಿ."

ಅಕ್ಕ ಎದ್ದು ನಿಂತರು. ಬಾಟಲಿಯನ್ನು ಸೊಂಟಕ್ಕೆ ಆನಿಸಿಕೊಂಡರು. ಕಣ್ಣು ಕಿಟಕಿಯಾಚೆ, ಬಾಯಿ ತಮ್ಮನ ಹೆಂಡತಿಯ ಜೊತೆ ಮಾತಿನಲ್ಲಿ. ಕೈ ಮಾತ್ರ ಸ್ಪೈಕನ್ನು ಬಿರಡೆಗಿಟ್ಟು, ಬೀಗದ ಕೀಲಿಯಂತೆ ಅತ್ತಿತ್ತ ತಿರುಚಿ, ಒಳಗೆ ತಳ್ಳಿತು.

"ತಿರುಚಬಾರದು ಅಕ್ಕಾ! ನೇರ ಒತ್ತಬೇಕು. ಪೊಟ್ಟಣದ ಮೇಲೆ ಚಿತ್ರ ಇದೆ!"

"ನೀನು ಬರೆದ ಚಿತ್ರ ನೋಡೋಕೆ ನಾವು ಕೆಲಸಕ್ಕೆ ಸೇರಿದ್ದಾ? ಮೂವತ್ತೊಂದು ವರ್ಷ ತಿರುಚೇ ಹಾಕಿದ್ದು. ನನ್ನ ಜೊತೆಯವರೂ ಹಾಗೇ. ಕೈ ನೋಯತ್ತೆ ಕಣೋ, ತಿರುಚಿದ್ರೆ ಹಗುರ."

ಮೊನೆರಾಯರು ಸೋತವರಂತೆ ಕುಳಿತು, ಅಭ್ಯಾಸಬಲದಿಂದ ಆ ನೀರನ್ನು ಬಿಳಿ ಕರವಸ್ತ್ರದಲ್ಲಿ ಸೋಸಿದರು. ದೀಪದ ಕೆಳಗೆ ಹಿಡಿದರು. ನಡುವೆ ಸಾಸಿವೆಗಿಂತ ಸಣ್ಣದೊಂದು ಬೂದುಬಣ್ಣದ ಚೂರು. ತಿರುಚಿದಾಗ ತೂತಿನ ಹಿಂಬದಿಯ ಚೂಪು ಅಂಚು ರಬ್ಬರನ್ನು ಹೆರೆದು ಬಾಟಲಿಯೊಳಕ್ಕೆ ಬೀಳಿಸಿತ್ತು.

ಉಳಿದ ಹದಿನೆಂಟು ಬಾಟಲಿಗಳನ್ನೂ ಅಕ್ಕನಿಂದಲೇ ಚುಚ್ಚಿಸಿದರು. ಇನ್ನೂ ಮೂರರಲ್ಲಿ ಚೂರು ಸಿಕ್ಕಿತು. ಯಂತ್ರಕ್ಕೆ ತಿರುಚಲು ಬರುವುದಿಲ್ಲ. ಅದಕ್ಕೆ ಯಾರೂ "ಸಿಸ್ಟರ್" ಎಂದು ಕೂಗುವುದಿಲ್ಲ, ಅದರ ಗೆಣ್ಣು ನೋಯುವುದೂ ಇಲ್ಲ.

ಅಕ್ಕ ಕರವಸ್ತ್ರದ ಮೇಲೆ ಬಗ್ಗಿದರು. "ಅಯ್ಯೋ, ಇದು ಗೊತ್ತು ನನಗೆ. ಬಾಟಲೀಲಿ ಏನೋ ತೇಲ್ತಿರತ್ತೆ. ದೊಡ್ಡ ಸಿಸ್ಟರ್ ಬಂದು, ಕೈ ತೊಳೆದ್ಯಾ ನೀನು ಅಂತ ಎಲ್ಲರೆದುರು ಬೈತಿದ್ರು. ನಾನು ಹೋಗಿ ಮತ್ತೆ ಮತ್ತೆ ಕೈ ತೊಳೀತಿದ್ದೆ. ಚರ್ಮ ಸುಲಿದು ಹೋಗೋದು." ಆಮೇಲೆ ನಕ್ಕು, "ಆಗ ನಮ್ಮ ವಾರ್ಡಿಗೂ ನಿಮ್ಮ ಕಾರ್ಖಾನೆಯದೇ ಬರ್ತಿತ್ತು ಅಲ್ವೇನೋ?" ಎಂದರು.

ಮೊನೆರಾಯರು ಕರವಸ್ತ್ರವನ್ನು ಚೂರುಗಳ ಸಮೇತ ಮಡಚಿಟ್ಟರು. ಆ ಮಧ್ಯಾಹ್ನವೆಲ್ಲ ಲೆಕ್ಕ ಹಾಕುತ್ತ ಕುಳಿತರು. ಅಚ್ಚಿನ ಲೆಕ್ಕ ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಸ್ಪೈಕಿನ ಅಂಚಿನಿಂದ ಕೂದಲೆಳೆಯಷ್ಟು ಪ್ಲಾಸ್ಟಿಕ್ ತೆಗೆಯಬೇಕಾದರೆ ಅಚ್ಚಿನ ಉಕ್ಕಿಗೆ ಕೂದಲೆಳೆಯಷ್ಟು ಸೇರಿಸಬೇಕು, ಉಕ್ಕಿಗೆ ಸೇರಿಸಲು ಬರುವುದಿಲ್ಲ. ಆ ತುಂಡನ್ನೇ ಹೊಸದಾಗಿ ಕೊರೆಯಬೇಕು. ಮೂರು ವಾರ. ಅದಕ್ಕಿಂತ ಮೊದಲು, ಶುಕ್ರವಾರ ಹಾಕಿದ ಸಹಿಯ ಮೇಲೆ ತಾವೇ ಅಡ್ಡಗೆರೆ ಎಳೆಯಬೇಕು. ಸುಮ್ಮನಿದ್ದರೆ? ಯಂತ್ರದ ವರದಿ ಚಿನ್ನದಂತಿದೆ. ಪೊಟ್ಟಣದ ಮೇಲೆ ಚಿತ್ರವಿದೆ. ತಪ್ಪೆಲ್ಲ ತಿರುಚಿದವಳದ್ದೇ ಆಗುತ್ತದೆ, ಅವಳು ಹೋಗಿ ಕೈ ತೊಳೆಯುತ್ತಾಳೆ.

ಸೋಮವಾರ ಎಂಟಕ್ಕೆ ಅವರು ಚಹಾದ ಕೋಣೆಗೆ ಬಂದಾಗ ಅಲ್ಲಿ ಆರು ಜನ ಇದ್ದರು: ಕಾರ್ಖಾನೆಯ ಒಡತಿ, ಅಚ್ಚಿನ ಮೇಸ್ತ್ರಿ, ಕಂಪ್ಯೂಟರ್ ಹುಡುಗಿ, ಉಗ್ರಾಣದವರು, ಪ್ಯಾಕಿಂಗಿನ ಇಬ್ಬರು ಹೆಂಗಸರು. ಏಳನೆಯವನು ವ್ಯಾಪಾರಿ, ಕುಲುಮೆಗೆ ಹೊರಟ ಅಚ್ಚಿಗೆ ಟಾಟಾ ಹೇಳಲು ಬಂದಿದ್ದವನು. ಮೊನೆರಾಯರು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಎಲ್ಲರೆದುರು 'ರದ್ದು' ಎಂದು ಬರೆದರು. ಬರೆದದ್ದು ಎರಡಕ್ಷರ, ತೆಗೆದುಕೊಂಡದ್ದು ಒಂದು ನಿಮಿಷ. ಆಮೇಲೆ ಮೂಲ ಹಾಳೆಯನ್ನು ತೆಗೆದು, ಹಿಂಬದಿಯ ಅಂಚಿನ ಪೆನ್ಸಿಲ್ ಗೆರೆಯನ್ನು ಉಜ್ಜಿ ಅಳಿಸಿದರು.

"ಏನಾಯ್ತು?" ಎಂದರು ಒಡತಿ.

ಮೊನೆರಾಯರು ಅಕ್ಕನ ಕತೆ ಹೇಳಿದರು. ಕರವಸ್ತ್ರ ಬಿಚ್ಚಿ ತೋರಿಸಿದರು. "ಆ ಅಂಚು ಮೊಂಡು ಮಾಡ್ಬೇಕು ಮೇಡಂ. ಇನ್ನು ಮೂರು ವಾರ ಬೇಕು."

ಆಸ್ಪತ್ರೆಗೆ ಆಗಲೇ ತಾರೀಕು ಕೊಟ್ಟು ಬಂದಿದ್ದ ವ್ಯಾಪಾರಿಗೆ ಪಿತ್ತ ನೆತ್ತಿಗೇರಿತು. ಕೋಪ ಬಂದಾಗ ಅವನು ಕೂಗುವುದಿಲ್ಲ, ಜನರನ್ನು ನಗಿಸುತ್ತಾನೆ. ಇದು ಕೂಗುವುದಕ್ಕಿಂತ ಕೆಟ್ಟ ಚಾಳಿ. "ನೋಡಿ ಮೇಡಂ, ಇಪ್ಪತ್ತಾರು ವರ್ಷ ಚೂಪು ಚೂಪು ಅಂದವರು ಈಗ ಮೊಂಡು ಮಾಡ್ತಾರಂತೆ! ಕೈಕೆಲಸ ಮರೆತುಹೋಯ್ತು, ಅಕ್ಕನ ಸೆರಗು ಹಿಡ್ಕೊಂಡು ಬಂದಿದ್ದಾರೆ. ಇವರ ಸಂಬಳಾನ ಇನ್ಮೇಲೆ ಆ ಅಕ್ಕನಿಗೇ ಕೊಟ್ಬಿಡಿ."

ಎಲ್ಲರೂ ನಕ್ಕರು. ಕಂಪ್ಯೂಟರ್ ಹುಡುಗಿ ಕೂಡ, ಪಾಪ, ತಡೆಯಲಾರದೆ ನಕ್ಕಳು. ಮೊನೆರಾಯರ ಕಿವಿ ಕೆಂಪಾಯಿತು. "ಕೊಡಬೇಕಾದ್ದೇ," ಎಂದಷ್ಟೇ ಹೇಳಿ, ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡು ಹೊರನಡೆದರು.

ನಗು ನಿಂತ ಮೇಲೆ ಒಡತಿ ಆ ರದ್ದಾದ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಮೂರು ವಾರ. ಅದಕ್ಕಿಂತ ಒಂದು ದಿನ ಹೆಚ್ಚಾದ್ರೂ ಆಸ್ಪತ್ರೆಯವರು ಬೇರೆ ಕಡೆ ಹೋಗ್ತಾರೆ," ಎಂದು ಮೇಸ್ತ್ರಿಗೆ ಹೇಳಿ ಎದ್ದರು.

ಮೊಂಡು ಮಾಡುವುದು ಹೇಳಿದಷ್ಟು ಸುಲಭವಿರಲಿಲ್ಲ. ಅಂಚನ್ನು ದುಂಡಗೆ ಮಾಡಿದ ಮೇಲೆ ಚೂರು ಬೀಳುವುದು ನಿಂತಿತು, ಆದರೆ ಚುಚ್ಚಲು ಬಲ ಹೆಚ್ಚು ಬೇಕಾಯಿತು. ಕೈಯಿಂದ ಅರೆದು ಮಾಡಿದ ಮಾದರಿಯನ್ನು ಮುಂದಿನ ಭಾನುವಾರ ಅಕ್ಕನಿಗೆ ಕೊಟ್ಟರೆ, ಅರ್ಧಕ್ಕೇ "ಹಾ!" ಎಂದು ಕೈ ಬಿಟ್ಟರು.

"ನನ್ನ ಹೆಬ್ಬೆರಳು ತಗೊಂಡು ಹೋಗು ಕಣೋ. ಮೊನೆ ಚೆನ್ನಾಗಿದೆ ಅಂತಾನೇ ಇಟ್ಕೋ. ಹಿಡಿಯೋದೆಲ್ಲಿ?"

ಮೊನೆರಾಯರು ಸ್ಪೈಕನ್ನು ತಿರುಗಿಸಿ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಅದರ ಇನ್ನೊಂದು ತುದಿಯನ್ನು ನೋಡಿದ್ದು ಬಹುಶಃ ಅದೇ ಮೊದಲು. ಅಲ್ಲಿ ಬೆರಳು ತಾಗುವ ಕಡೆ ಅಂಗಿಯ ಗುಂಡಿಯಷ್ಟಗಲದ, ನುಣುಪಾದ, ಜಾರುವ ಒಂದು ಬಿಲ್ಲೆ. ಅದನ್ನು ಯಾರು ಬರೆದದ್ದೋ, ಯಾವಾಗ ಬರೆದದ್ದೋ; ಎಲ್ಲ ನಕ್ಷೆಗಳಲ್ಲೂ ಹಳೆಯದನ್ನೇ ಇಳಿಸುತ್ತ ಬಂದಿದ್ದರು.

"ಇದು ಅಗಲ ಆದ್ರೆ?" ಎಂದು ತಮಗೆ ತಾವೇ ಕೇಳಿಕೊಂಡರು.

"ಸೋಡಾ ಬಾಟಲಿ ಮುಚ್ಚಳದ ಹಾಗೆ ಗೀರೂ ಹಾಕಿ, ಜಾರಲ್ಲ," ಎಂದರು ಹೆಂಡತಿ ಅಡುಗೆಮನೆಯಿಂದ. ಮೊನೆರಾಯರು ಜೇಬಿನಿಂದ ಪೆನ್ಸಿಲ್ ತೆಗೆದರು. ನಕ್ಷೆ ಬರೆಯಲು ಕಾಗದ ಸಿಗದೆ ಕರೆಂಟು ಬಿಲ್ಲಿನ ಹಿಂದೆ ಬರೆದರು. ಬಿಲ್ಲೆ ದೊಡ್ಡದು ಮಾಡುವುದೆಂದರೆ ಅಚ್ಚಿನಿಂದ ಉಕ್ಕು ತೆಗೆಯುವುದು. ಅದು ಒಂದು ದಿನದ ಕೆಲಸ.

ಹೇಳಿದ ಮೂರು ವಾರದೊಳಗೇ ಹೊಸ ಸ್ಪೈಕ್ ಬಂತು. ಕಾರ್ಖಾನೆಯಲ್ಲಿ ಈ ಸಲ ಯಂತ್ರದ ಪಕ್ಕದಲ್ಲೇ ಅಕ್ಕ ಹಾಗೂ ಅವರ ನಿವೃತ್ತ ಗೆಳತಿಯರು ನಾಲ್ವರು ಕುಳಿತು, ಊರಿನ ವಿಷಯವೆಲ್ಲ ಮಾತಾಡುತ್ತ, ತಿರುಚಿ ತಿರುಚಿ ನಾನೂರು ಬಿರಡೆ ಚುಚ್ಚಿದರು. ಒಂದು ಚೂರೂ ಬೀಳಲಿಲ್ಲ. ಮೊನೆರಾಯರು ಸಹಿ ಹಾಕಿದರು. ಕುತ್ತಿಗೆ ಮಾತ್ರ ಉದ್ದವಾಗಲಿಲ್ಲ.

ಆಸ್ಪತ್ರೆಯಲ್ಲಿ ತೋರಿಸಲು ವ್ಯಾಪಾರಿ ಅವರನ್ನೂ ಕರೆದುಕೊಂಡು ಹೋದ. ವಾರ್ಡಿನ ಹಿರಿಯ ಸಿಸ್ಟರ್ ಫೋನಿನಲ್ಲಿ ಯಾರನ್ನೋ ಗದರುತ್ತಲೇ ಸ್ಪೈಕ್ ಕೈಗೆತ್ತಿಕೊಂಡರು. ಬಾಟಲಿ ಸೊಂಟಕ್ಕೆ. ಒಂದು ತಿರುಚು. ಒಳಗೆ. ಇನ್ನೊಂದು, ಮತ್ತೊಂದು. ಫೋನಿಟ್ಟು, "ಹಿಡಿಯೋಕೆ ಚೆನ್ನಾಗಿದೆ ರೀ. ಇದನ್ನೇ ಕಳಿಸಿ," ಎಂದರು.

ಮೊನೆರಾಯರು ತಡೆಯಲಾರದೆ, "ಮೊನೆ?" ಎಂದು ಕೇಳಿದರು.

"ಯಾವ ಮೊನೆ?" ಎಂದರು ಸಿಸ್ಟರ್.

ವ್ಯಾಪಾರಿ ಮಧ್ಯೆ ಬಾಯಿ ಹಾಕಿ, ನರ್ಸಮ್ಮಂದಿರ ಕೈನೋವು ನೋಡಲಾರದೆ ತಾವೆಲ್ಲ ಕೂತು ಆ ಹಿಡಿಯನ್ನು ಯೋಚಿಸಿದ್ದಾಗಿ ಹೇಳಿದ. ಆ "ತಾವೆಲ್ಲ" ಎಂಬುದರಲ್ಲಿ ತನ್ನನ್ನೂ ಧಾರಾಳವಾಗಿ ಸೇರಿಸಿಕೊಂಡಿದ್ದ. ಮೊನೆರಾಯರು ಅವನತ್ತ ತಿರುಗಲೂ ಇಲ್ಲ. ಅವರು ಸಿಸ್ಟರ್ ಚುಚ್ಚಿಟ್ಟ ಬಾಟಲಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೀರು ತಿಳಿಯಾಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ, ಅರ್ಧ ದಾರಿ ದಾಟಿದ ಮೇಲೆ, ಇದ್ದಕ್ಕಿದ್ದಂತೆ ಅವರು ನಕ್ಕರು.

"ಏನು?" ಎಂದ ವ್ಯಾಪಾರಿ.

"ಯಾವ ಮೊನೆ ಅಂದ್ರಲ್ಲ," ಎಂದರು.

ಆ ಸ್ಪೈಕ್ ಈಗ ಹನ್ನೊಂದು ಆಸ್ಪತ್ರೆಗಳಿಗೆ ಹೋಗುತ್ತದೆ, ಮಾರುವವನು ನಾನೇ. ಚಹಾದ ಕೋಣೆಯಲ್ಲಿ ಆರು ಜನರ ಮುಂದೆ ಮೊನೆರಾಯರನ್ನು ಹೀಯಾಳಿಸಿದವನೂ ನಾನೇ. ಅದೇ ಆರು ಜನರ ಮುಂದೆ ನಾನು ಅವರ ಕ್ಷಮೆ ಕೇಳಬೇಕು; ಇನ್ನೂ ಕೇಳಿಲ್ಲ.